ಲಾಗಿನ್ ಮೊದಲು ಬಿಚ್ಚಿದ್ದು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬೆಳಗಿನ ಬಸ್ಸು. ನನ್ನ ಹಿಂದಿನ ಸೀಟಿನಲ್ಲಿ ದಿನಾ ಇದೇ ಬಸ್ಸಿಗೆ ಬರುವ, ಒಂದೇ ಕಂಪ್ಯೂಟರ್ ಕಂಪನಿಯ ಇಬ್ಬರು ಕೂತಿದ್ದರು: ಹಿರಿಯರಾದ ಷಡಕ್ಷರಪ್ಪ ಮತ್ತು ಅವರ ಕೈಕೆಳಗಿನ ಧನಲಕ್ಷ್ಮಿ. ನಾನು ತಿರುಗಿ ನೋಡಲಿಲ್ಲ.

“ಹನ್ನೆರಡು ಕಾಲೇಜು ನಂಬಿರೋ ಸರ್ವರ್ ಅದು. ನಾನೇ ಬರೆದಿದ್ದು. ತುಂಡು ತುಂಡು ಮಾಡ್ತೀನಿ ಅಂತೀಯಲ್ಲ ಮಾರಾಯ್ತಿ!”

“ತುಂಡಲ್ಲ ಸಾರ್, ಮಾಡ್ಯೂಲು, ತಂತಾನೇ ಓಡೋ ಬೇರೆ ಬೇರೆ ಭಾಗ. ಒಂದನ್ನ ನಿಲ್ಲಿಸಿದ್ರೂ ಉಳಿದಿದ್ದು ಓಡ್ತಿರುತ್ತೆ. ಈಗ ಅಂಕಪಟ್ಟಿ ತಿದ್ದೋಕೆ ಹಾಸ್ಟೆಲ್ ಊಟದ ಪಟ್ಟಿನೂ ನಿಲ್ಲಿಸ್ಬೇಕು.”

“ಹತ್ತು ನಿಮಿಷ ಹಸ್ಕೊಂಡಿರ್ಲಿ ಬಿಡು.”

“ಫೋನಲ್ಲಿ ಬೈಸ್ಕೊಳ್ಳೋದು ನಾನು ಸಾರ್, ನೀವಲ್ಲ.”

“ಇವತ್ತು ಮೀಟಿಂಗಲ್ಲಿ ಬೇಡ ಅಂತಾನೇ ಹೇಳ್ತೀನಿ. ಲಾಗಿನ್ ಭಾಗ ಮುಟ್ಟಿದ್ರೆ ಇಡೀ ಸರ್ವರ್ ಮಲಗುತ್ತೆ.”

“ಮೊದಲು ಬಿಚ್ಚಿ ಬೇರೆ ಮಾಡಿದ್ದೇ ಲಾಗಿನ್ ಸಾರ್. ಮೂರು ವಾರ ಆಯ್ತು. ದಿನಾ ನೀವು ಅದರಲ್ಲೇ ಒಳಗೆ ಹೋಗ್ತಿದ್ದೀರ.”



“ಯಾರನ್ನ ಕೇಳಿ ಮುಟ್ಟಿದೆ?”

“ಕೇಳಿದ್ರೆ ಬೇಡ ಅಂತಿದ್ರಿ.”

ವಿದ್ಯಾನಗರ ಸ್ಟಾಪ್ ಬಂತು. ಇಬ್ಬರೂ ಎದ್ದರು.

“ಈಗಲೂ ಬೇಡ ಅಂತೀನಿ.”

“ಅನ್ನಿ ಸಾರ್. ನೀವು ಹಾಗನ್ನುವಾಗಲೇ ಎಲ್ಲರ ಮುಂದೆ ಲಾಗಿನ್ ನಿಲ್ಲಿಸ್ತೀನಿ. ಒಳಗಿದ್ದೋರು ಒಬ್ಬರಾದ್ರೂ ಹೊರಗೆ ಬಿದ್ರೆ ನನ್ನನ್ನ ಕೆಲಸದಿಂದ ತೆಗೀರಿ.”

ಅವರಿಗೆ ದಾರಿ ಬಿಡದೆ ಅವಳೇ ಮೊದಲು ಇಳಿದಳು.