ಆಯ್ತು ಬುಡಿ

ಕುಣಿಗಲ್ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಹಾಲು ಕರೆಯುವ ಮೆಷಿನ್ ಮಾರುವ ಕಂಪನಿಯ ಇಬ್ಬರು ಕೂತಿದ್ದರು. ಆಕೆಯದು ತುಮಕೂರು ಆಫೀಸಿನಲ್ಲಿ ಫೋನ್ ಕೆಲಸ, ಆತನದು ಹಳ್ಳಿ ಸುತ್ತುವ ಕೆಲಸ. ಕಾಲ ಬಳಿ ಮೆಷಿನ್ನಿನ ಪೆಟ್ಟಿಗೆ. ಆಕೆ ಮೊಬೈಲ್ ತೋರಿಸಿದಳು.

"ನೋಡು ಅಂಜನ್, ಹೆಬ್ಬೂರು ಸಿದ್ದಗಂಗಯ್ಯನವರ ರೆಕಾರ್ಡು. ಡೆಮೊ ಬೇಡ ಅಂತ ನಾನು ಹಾಕಿದೀನಿ, ಅದೇ ಟೈಮಿಗೆ ಬೇಕು ಅಂತ ನೀನು ಹಾಕಿದೀಯ. ಯಾರ್ದು ಉಳಿಸ್ಲಿ ಅಂತ ಸಾಫ್ಟ್‌ವೇರ್ ಕೇಳ್ತಿದೆ."

"ನಂದೇ ಉಳಿಸು ಸುಶ್ಮಿತಾ. ಇಲ್ದಿದ್ರೆ ಲಿಸ್ಟಿಂದ ಅವರ ಹೆಸ್ರೇ ಹೋಗುತ್ತೆ. ಅವರ ಹೆಂಡ್ತಿಗೆ ಬೆರಳು ಮಡಚಕ್ಕೇ ಆಗಲ್ಲ, ನಾಕು ಹಸು ಕರೀಬೇಕು."

"ನಿಂಗೆ ಏನಂದ್ರು?"

"ಆಯ್ತು ಬುಡಿ ಅಂದ್ರು."

"ನಂಗೂ ಅದನ್ನೇ ಅಂದಿದ್ದು! ಬಿಡಿ ಅಂದ್ರೆ ಬೇಡ ಅಂತ ತಾನೆ?"

"ಅಯ್ಯೋ, ಅದು ಒಪ್ಕೊಂಡಂಗೆ ಕಣೇ."

"ಇರು, ಅವರನ್ನೇ ಕೇಳ್ತೀನಿ."

ಆಕೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಯಜಮಾನ್ರೇ, ಮೆಷಿನ್ ತಂದು ತೋರಿಸ್ಲಾ?"

"ಆಯ್ತು ಬುಡಿ," ಎಂದಿತು ಮುದಿ ದನಿ.

"ಅಂದ್ರೆ ಬರ್ಲೋ, ಬೇಡ್ವೋ?"

"ಎಷ್ಟ್ ಸಲ ಹೇಳಾದವ್ವ? ಬನ್ನಿ. ನಮ್ಮವ್ಳು ಎರಡು ದಿನದಿಂದ ಕಾಯ್ತಾವ್ಳೆ."

ಆಕೆ ಆತನ 'ಬೇಕು' ಉಳಿಸಿ, ತನ್ನ 'ಬೇಡ' ಅಳಿಸಿದಳು. "ಇವತ್ತೇ ತೋರಿಸೋಣ ನಡಿ. ಕುಣಿಗಲ್ ಹತ್ರ ಕೊತ್ತಗೆರೆ ಡೆಮೊಗೆ ನಾಳೆ ಹೋದ್ರಾಯ್ತು."

ಹೆಬ್ಬೂರು ಬಂತು. ಕಂಡಕ್ಟರ್ ರೇಗಿದರು: "ಕುಣಿಗಲ್‌ಗೆ ಟಿಕೆಟ್ ತಗೊಂಡು ಇಲ್ಲೇ ಇಳೀತೀರಲ್ಲಮ್ಮ!"

"ಆಯ್ತು ಬುಡಿ," ಎಂದು ಆಕೆ ನಗುತ್ತ ಇಳಿದಳು.