ಅಲ್ಲವ್ವನಿಗೆ ಎರಡು ಜನ್ಮ

೧೯೯೮ರ ಚಳಿಗಾಲ. ಹತ್ತರಗಿಯಲ್ಲಿ ಹುಕ್ಕೇರಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನಮ್ಮೂರ ಜೈನ ಮನೆತನದ ವಂದನಾಬಾಯಿ ಮತ್ತು ಅವರ ಹೊಲದಲ್ಲಿ ದುಡಿಯುವ ಅಲ್ಲವ್ವ ನಿಂತಿದ್ದರು. ಇಬ್ಬರೂ ಜೈನ ಸನ್ಯಾಸಿನಿಯೊಬ್ಬರ ಪ್ರವಚನ ಕೇಳಿ ಬಂದವರು. ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯಸ್ಥ ನಾನಲ್ಲ.

“ಯಾಕ್ರಿ ಬಾಯಾರ, ಸುಮ್ಮನಾದ್ರಿ?”

“ಹೆಣ್ಣ ಜಲ್ಮದಾಗ ಮೋಕ್ಷ ಇಲ್ಲಂತ. ಇನ್ನೊಮ್ಮಿ ಗಂಡಾಗಿ ಹುಟ್ಟಬೇಕಂತ.”

“ಹೇಳಿದ ಮಾತಾಜಿನೂ ಹೆಣ್ಣಲ್ಲೇನ್ರಿ?”

“ಅವರಿಗೂ ಅಷ್ಟ. ಎಷ್ಟ ಉಪಾಸ ಮಾಡೇನಿ ಅಲ್ಲವ್ವ, ಹೊಟ್ಟಿ ಉರೀತೈತಿ.”

“ನಿಮಗ ಇನ್ನೊಂದ ಜಲ್ಮ ಸಾಕ್ರಿ. ನನಗ ಎರಡು ಬೇಕು.”

“ಎರಡ್ಯಾಕ?”

“ಮೊದಲ ನಿಮ್ಮ ಜಾತ್ಯಾಗ ಹೆಣ್ಣಾಗಿ ಹುಟ್ಟಿ ನಿಮ್ಮ ಅಡಗಿಮನಿ ಹೊಸ್ತಿಲ ದಾಟಬೇಕು. ಗಂಡಾಗೂದು ಆಮ್ಯಾಲ.”

“ಹಂಗಂತ ಯಾರ ಹೇಳಿದ್ರು ನಿನಗ?”

“ಯಾರ ಹೇಳಬೇಕ್ರಿ? ಹನ್ನೆರಡ ವರ್ಷ ಆತು, ನಿಮ್ಮ ಹಿತ್ತಲದಾಗ ನಿಂತು ಬೊಗಸ್ಯಾಗ ನೀರ ಕುಡಿಯಾಕತ್ತೇನಿ.”

ಬಸ್ಸು ಬಂತು. ಅಲ್ಲವ್ವ ರೂಢಿಯಂತೆ ಹಿಂದೆ ಸರಿದು ನಿಂತಳು.

“ಬಾ, ನನ್ನ ಬಾಜೂಕ ಕೂಡು,” ಎಂದರು ವಂದನಾಬಾಯಿ.

“ಈ ಜಲ್ಮದಾಗನ ಏನ್ರಿ?” ಎಂದು ನಗುತ್ತಾ ಅಲ್ಲವ್ವ ಬಸ್ಸು ಹತ್ತಿದಳು.