ಕರಿಬಟ್ಟೆಯವಳ ಸರದಿ

ಜಾಂಜಿಬಾರಿನ ಬಾವಿಕಟ್ಟೆಯಲ್ಲಿ ಸಿಕುಜುವಾ ಮೂರನೆಯವಳಾಗಿ ನಿಂತಿದ್ದಳು. ಮುಂದಿನ ಇಬ್ಬರೂ ಅವಳ ಹಾಗೆ ಗುಲಾಮರೇ. ಆದರೆ ಊರಲ್ಲೇ ಹುಟ್ಟಿದವರು, ಹೂವಿನ ಅಚ್ಚಿನ ಬಟ್ಟೆ ಉಟ್ಟವರು. ಅವಳದು ಹಡಗಿನಿಂದ ಇಳಿದ ದಿನ ಕೊಟ್ಟ ಕರಿಬಟ್ಟೆ.

“ಜರುಗೇ ಜಾಫರಾನಿ, ಮೊದ್ಲು ನಾನು. ನಮ್ಮಜ್ಜೀನೇ ಧಣಿಗಳ ಮನೇಲಿ ಹುಟ್ಟಿದ್ದು.”

“ಹುಟ್ಟಿದ್ರೇನಾಯ್ತೇ ಕಿಬಿಬಿ? ನಮ್ಮ ಧಣಿಗಳು ಕುಡಿದಿದ್ದು ನಮ್ಮಮ್ಮನ ಹಾಲು.”

“ಅದಕ್ಕೇ ನಿನ್ನ ಕೈಲಿ ನೀರು ಹೊರಿಸ್ತಿದಾರೆ!”

“ನಿನ್ನನ್ನೇನು ಪಲ್ಲಕ್ಕೀಲಿ ಕೂರಿಸಿದಾರಾ? ಸೇದು ಸೇದು, ಬಿಸಿಲೇರ್ತಿದೆ.”

“ಈ ಕರಿಬಟ್ಟೆಯೋಳು?”

“ಕಾಡಿಂದ ಬಂದೋಳು, ಕಾಯ್ಲಿ ಬಿಡು.”

ಇಬ್ಬರೂ ನಗುತ್ತ ಕೊಡ ಹೊತ್ತು ನಡೆದರು. ಸಿಕುಜುವಾಗೆ ಬೇಸರವಾಗಲಿಲ್ಲ, ಇವತ್ತು ಅವಳು ಸಾಲಿನ ಕೊನೆಯವಳಲ್ಲ. ಹೊಸ ಕರಿಬಟ್ಟೆಯ ಗಂಜಿ ಇನ್ನೂ ಬಿಡದ ಹೆಂಗಸೊಬ್ಬಳು ಹಿಂದೆ ಬಂದು ನಿಂತಿದ್ದಳು. ಸಿಕುಜುವಾ ಹುಟ್ಟಿದ ಗುಡ್ಡದೂರಿನ ಮಾತಿನಲ್ಲೇ ಆಕೆ ಮೆಲ್ಲಗೆ ಕೇಳಿದಳು: “ಅಕ್ಕಾ, ನೀನೂ ನಮ್ಮ ಕಡೆಯವಳಾ?”

ಎರಡು ವರ್ಷದಿಂದ ಆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಸಿಕುಜುವಾ ಹಗ್ಗ ಕೈಗೆ ತೆಗೆದುಕೊಂಡು, ಜಾಂಜಿಬಾರಿನ ಭಾಷೆಯಲ್ಲಿ, ಒಂದು ತಪ್ಪೂ ಇಲ್ಲದೆ ಹೇಳಿದಳು:

“ಹಿಂದೆ ನಿಂತ್ಕೋ.”